ಸೊಂಟದ ಎಂಆರ್‌ಐ: ಚಿತ್ರಕ್ಕೆ ಪೂರ್ತಿ ಅಂಕ, ರಿಪೋರ್ಟಿಗೆ ಅರ್ಧ

ಸೊಂಟನೋವು ಮೂರು ತಿಂಗಳಾದರೂ ಬಿಡದಿದ್ದಾಗ ಕೊನೆಗೆ ಕೈಗೆ ಬರುವುದು ಒಂದು ದೊಡ್ಡ ಲಕೋಟೆ. ಒಳಗೆ ಎರಡು ಮೂರು ಕಪ್ಪು ಫಿಲ್ಮು, ಒಂದು ಸಿ.ಡಿ., ಎರಡು ಪುಟದ ರಿಪೋರ್ಟು. ರಿಪೋರ್ಟಿನ ತುದಿಯಲ್ಲಿ ‘ಇಂಪ್ರೆಷನ್’ ಎಂಬ ತಲೆಬರಹ, ಅದರ ಕೆಳಗೆ ನಾಲ್ಕೈದು ಸಾಲು. ಎಲ್ಲರೂ ಓದುವುದು ಆ ನಾಲ್ಕೈದು ಸಾಲನ್ನೇ, ನಿದ್ದೆ ಕೆಡುವುದೂ ಅದರಿಂದಲೇ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಲಕೋಟೆಗೆ ತುರುಕುತ್ತಾರೆ. ಸಿ.ಡಿ.ಯನ್ನಂತೂ ಯಾರೂ ತೆಗೆಯುವುದಿಲ್ಲ. ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ಕೇಳಿದರೆ, ಈಗಿರುವ ರೂಢಿಯನ್ನು ತಲೆಕೆಳಗು ಮಾಡಬೇಕಾಗುತ್ತದೆ.

ಮೊದಲು ಯಂತ್ರದ ಮಾತು. ಸೊಂಟದ ಭಾಗಕ್ಕೆ 1.5 ಟೆಸ್ಲಾ (ಟೆಸ್ಲಾ ಅಂದರೆ ಕಾಂತಬಲದ ಅಳತೆ) ಯಂತ್ರ ಧಾರಾಳವಾಗಿ ಸಾಕು. 3 ಟೆಸ್ಲಾದಲ್ಲಿ ಚಿತ್ರ ಇನ್ನಷ್ಟು ನಯವಾಗಿ ಬರುತ್ತದೆ, ನಿಜ. ಆದರೆ ಬೆನ್ನಿನಲ್ಲಿ ಹಳೆಯ ಸ್ಕ್ರೂ, ರಾಡು ಇದ್ದರೆ ಅದರ ಸುತ್ತಲಿನ ಚಿತ್ರ ಅಲ್ಲೇ ಹೆಚ್ಚು ಹಾಳಾಗುತ್ತದೆ. ಇಕ್ಕಟ್ಟಿನ ಭಯ ಇರುವವರಿಗೆ ‘ಓಪನ್’ ಯಂತ್ರ ಅನುಕೂಲ. ಅದರ ಕಾಂತಬಲ ಸಾಮಾನ್ಯವಾಗಿ ಕಡಿಮೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಚಿತ್ರ ಕಾಳುಕಾಳಾಗಿ ಬರುತ್ತದೆ. ಅದರ ಬದಲು 70 ಸೆಂಟಿಮೀಟರ್ ಅಗಲದ ಕೊಳವೆಯಿರುವ ಮಾಮೂಲಿ ಯಂತ್ರ ಸಿಗುತ್ತದೆಯೇ ಎಂದು ಕೇಳುವುದು ಜಾಣತನ. ಹಳೆಯವು 60 ಸೆಂಟಿಮೀಟರ್. ಆ ಹತ್ತು ಸೆಂಟಿಮೀಟರಿನಲ್ಲೇ ಎಷ್ಟೋ ಜನರ ಉಸಿರು ನಿರಾಳವಾಗುತ್ತದೆ.

ಒಳಗೆ ಮಲಗಬೇಕಾದದ್ದು ಸುಮಾರು 20ರಿಂದ 30 ನಿಮಿಷ. ಚಿತ್ರ ಕೆಡುವುದಕ್ಕೆ ಮೊದಲ ಕಾರಣ ಅಲುಗಾಟ. ನೋವಿರುವವರಿಗೆ ಅಂಗಾತ ಮಲಗುವುದೇ ಕಷ್ಟ, ಹತ್ತನೇ ನಿಮಿಷಕ್ಕೆ ಸೊಂಟ ಹೊರಳಿಸುತ್ತಾರೆ, ಆಗ ತೆಗೆಯುತ್ತಿದ್ದ ಸರಣಿ, ಅಂದರೆ ಒಂದೇ ಬಗೆಯ ಚಿತ್ರಗಳ ಗುಂಪು, ಮಸುಕಾಗುತ್ತದೆ. ಮೊಣಕಾಲ ಕೆಳಗೆ ದಿಂಬು ಕೇಳಿ ಪಡೆಯಬೇಕು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಎಷ್ಟು ಹೊತ್ತಿಗೆ ಮೊದಲು ತೆಗೆದುಕೊಳ್ಳಬೇಕೆಂದು ಅವರನ್ನೇ ಕೇಳಿಟ್ಟುಕೊಳ್ಳಬೇಕು. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಎಂದೋ ಸಿಡಿದ ಲೋಹದ ಚೂರು, ಇವನ್ನು ಮೊದಲೇ ಹೇಳದೆ ಒಳಗೆ ಹೋಗಲೇಬಾರದು.

ಸ್ಕ್ಯಾನ್ ಒಳ್ಳೆಯದೋ ಅರೆಬರೆಯೋ ಎಂದು ತಿಳಿಯಲು ಯಂತ್ರದ ಹೆಸರಿಗಿಂತ ಒಳಗಿರುವ ಸರಣಿಗಳನ್ನು ಎಣಿಸಬೇಕು. ಪಕ್ಕದಿಂದ ಸೀಳಿದಂಥ ನೋಟದಲ್ಲಿ ನೀರು ಕಪ್ಪಾಗಿ ಕಾಣುವ ಟಿ1, ನೀರು ಬೆಳ್ಳಗೆ ಕಾಣುವ ಟಿ2 ಮತ್ತು ಕೊಬ್ಬಿನ ಹೊಳಪನ್ನು ಅಡಗಿಸುವ ‘ಸ್ಟಿರ್’ ಅಥವಾ ಅಂಥದೇ ಒಂದು ಸರಣಿ. ಅಡ್ಡ ಕೊಯ್ದಂಥ ನೋಟದಲ್ಲಿ ಟಿ2. ಇಷ್ಟು ಇರಲೇಬೇಕು. ಹೊತ್ತು ಉಳಿಸಲು ಕೆಲವೆಡೆ ಸ್ಟಿರ್ ಬಿಟ್ಟುಬಿಡುತ್ತಾರೆ. ಮೂಳೆಯೊಳಗಿನ ಹೊಸ ಬಿರುಕು, ಸೋಂಕು, ಉರಿಯೂತ ಎದ್ದು ಕಾಣುವುದೇ ಅದರಲ್ಲಿ. ಇನ್ನೊಂದು ಕಳ್ಳದಾರಿ ಅಡ್ಡನೋಟದ್ದು. ಡಿಸ್ಕಿನ, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆಯ, ಮಟ್ಟದಲ್ಲಿ ಮಾತ್ರ ನಾಲ್ಕೈದು ಹೋಳು ತೆಗೆದು, ನಡುವಿನ ಮೂಳೆಯ ಹಿಂಭಾಗವನ್ನು ಹಾರಿಸಿಬಿಡುವುದು. ಡಿಸ್ಕಿನ ತುಣುಕು ಕಳಚಿಕೊಂಡು ಮೇಲಕ್ಕೋ ಕೆಳಕ್ಕೋ ಸರಿದು ಕೂತಿದ್ದರೆ ಅದು ಅಡಗುವುದು ಆ ಹಾರಿಸಿದ ಜಾಗದಲ್ಲೇ. ಹೋಳುಗಳು ಮೇಲಿಂದ ಕೆಳಗೆ ಬಿಡುವಿಲ್ಲದೆ, 3ರಿಂದ 4 ಮಿಲಿಮೀಟರ್ ದಪ್ಪದಲ್ಲಿ ಸಾಗಬೇಕು.

ಕಾಂಟ್ರಾಸ್ಟ್ ಸೂಜಿ, ಅಂದರೆ ಗ್ಯಾಡೋಲಿನಿಯಂ, ಸಾದಾ ಸೊಂಟನೋವಿಗೆ ಬೇಡ. ಸೋಂಕು, ಗೆಡ್ಡೆಯ ಸಂಶಯಕ್ಕೆ ಬೇಕು. ಹಿಂದೆ ಡಿಸ್ಕಿನ ಆಪರೇಷನ್ ಆಗಿದ್ದು ನೋವು ಮರಳಿದ್ದರೂ ಬೇಕಾಗಬಹುದು: ಗಾಯದ ಕಲೆ ಬೇಗ ಹೊಳೆಯುತ್ತದೆ, ಮತ್ತೆ ಹೊರಬಂದ ಡಿಸ್ಕಿನ ಚೂರು ಹೊಳೆಯುವುದಿಲ್ಲ. ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ವಿಚಾರಿಸಬೇಕು.

ಇಷ್ಟನ್ನು ಸರಿಯಾಗಿ ಮಾಡಿದ ಸ್ಕ್ಯಾನಿಗೆ ಪೂರ್ತಿ ಅಂಕ. ವಿಕಿರಣವಿಲ್ಲದೆ, ಚಾಕು ಮುಟ್ಟಿಸದೆ, ನರದ ಬೇರನ್ನು ಕಣ್ಣಿಗೆ ತೋರಿಸುವ ಬೇರೆ ಉಪಾಯ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ತೊಡಕು ಶುರುವಾಗುವುದು ಚಿತ್ರ ಮಾತಾದಾಗ.

ರಿಪೋರ್ಟಿನ ಭಾಷೆ ರೋಗಿಗೆಂದು ಬರೆದದ್ದಲ್ಲ. ಅದನ್ನು ಕನ್ನಡಕ್ಕೆ ಇಳಿಸಿದವರು ಇನ್ನಷ್ಟು ಕೆಡಿಸಿದ್ದಾರೆ. ‘ಡಿಸ್ಕ್ ಜಾರಿದೆ’ ಅನ್ನುತ್ತೇವೆ. ಡಿಸ್ಕು ಸಾಬೂನಿನಂತೆ ಜಾರುವ ವಸ್ತುವಲ್ಲ, ಮೇಲಿನ ಕೆಳಗಿನ ಮೂಳೆಗೆ ಭದ್ರವಾಗಿ ಬೆಸೆದುಕೊಂಡಿದೆ. ಅದರ ಹೊರಪದರ ಉಬ್ಬಬಹುದು, ಬಿರಿಯಬಹುದು, ಒಳಗಿನ ಮೆತ್ತನೆ ಭಾಗ ಹೊರಬರಬಹುದು. ನಿಜಕ್ಕೂ ಜಾರುವುದು ಮೂಳೆ. ಅದರ ಹೆಸರು ‘ಸ್ಪಾಂಡಿಲೊಲಿಸ್ಥೆಸಿಸ್’, ಅದು ಬೇರೆಯೇ ವಿಚಾರ. ‘ಗ್ಯಾಪ್ ಬಂದಿದೆ’ ಅನ್ನುವುದಂತೂ ಪೂರಾ ಉಲ್ಟಾ. ಡಿಸ್ಕಿನ ಎತ್ತರ ಕುಗ್ಗಿದಾಗ ಮೂಳೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ದೂರವಲ್ಲ.

ಶಬ್ದಗಳಿಗೆ ಖಚಿತ ಅರ್ಥಗಳಿವೆ. ‘ಬಲ್ಜ್’ ಅಂದರೆ ಡಿಸ್ಕಿನ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ಉದ್ದಕ್ಕೆ ಅಂಚು ಹೊರಚಾಚಿದೆ, ಗಾಳಿ ಕಮ್ಮಿಯಾದ ಟೈರು ನೆಲದ ಮೇಲೆ ಅಗಲಿಸಿದ ಹಾಗೆ. ‘ಪ್ರೊಟ್ರೂಷನ್’ ಅಂದರೆ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಉಬ್ಬಿದೆ, ಉಬ್ಬಿನ ಬುಡ ಅದರ ತುದಿಗಿಂತ ಅಗಲ. ‘ಎಕ್ಸ್‌ಟ್ರೂಷನ್’ನಲ್ಲಿ ಬುಡ ಕಿರಿದು, ತಲೆ ದೊಡ್ಡದು. ತುಣುಕು ಪೂರ್ತಿ ಕಳಚಿದ್ದರೆ ‘ಸೀಕ್ವೆಸ್ಟ್ರೇಷನ್’. ‘ಹರ್ನಿಯೇಷನ್’ ಎಂಬುದು ಬಲ್ಜ್ ಬಿಟ್ಟು ಉಳಿದ ಮೂರಕ್ಕೂ ಸೇರಿದ ಹೆಸರು. ‘ಡೆಸಿಕೇಷನ್’ ಎಂದರೆ ಡಿಸ್ಕಿನ ನೀರಿನಂಶ ಇಳಿದಿದೆ, ಅಷ್ಟೇ. ‘ಥೀಕಲ್ ಸ್ಯಾಕ್ ಇಂಡೆಂಟೇಷನ್’ ಎಂದರೆ ನರಗಳನ್ನು ಸುತ್ತಿದ ನೀರಿನ ಚೀಲದ ಮೈಗೆ ಸ್ವಲ್ಪ ತಗ್ಗು ಬಿದ್ದಿದೆ. ಕೇಳಲು ಭಯಂಕರ, ಆದರೆ ಚೀಲದೊಳಗೆ ನರಗಳು ಆರಾಮವಾಗಿ ತೇಲುತ್ತಿರಬಹುದು.

ಈಗ ಅರ್ಧ ಅಂಕ ಕಡಿದದ್ದು ಯಾಕೆಂದರೆ, ಈ ಪದಗಳಲ್ಲಿ ಬಹುಪಾಲು ನೋವೇ ಇಲ್ಲದವರ ಬೆನ್ನಿನಲ್ಲೂ ಸಿಗುತ್ತವೆ, ಮತ್ತು ಆ ಮಾತನ್ನು ರಿಪೋರ್ಟು ಸಾಮಾನ್ಯವಾಗಿ ಹೇಳುವುದಿಲ್ಲ. ಸೊಂಟನೋವಿಲ್ಲದ 3,110 ಜನರನ್ನು ಒಳಗೊಂಡ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 20ರ ವಯಸ್ಸಿನಲ್ಲೇ ನೂರಕ್ಕೆ 37 ಜನರಲ್ಲಿ ಡಿಸ್ಕ್ ಸವೆತ ಕಾಣುತ್ತದೆ, 50ರ ವಯಸ್ಸಿಗೆ ಅದು ನೂರಕ್ಕೆ 80, 80ರ ವಯಸ್ಸಿಗೆ ನೂರಕ್ಕೆ 96. ಬಲ್ಜ್ 20ರಲ್ಲಿ ನೂರಕ್ಕೆ 30, 80ರಲ್ಲಿ 84. ಪ್ರೊಟ್ರೂಷನ್ 20ರಲ್ಲಿ ನೂರಕ್ಕೆ 29, 80ರಲ್ಲಿ 43. ನಲವತ್ತು ದಾಟಿದವರಿಗೆ ಚಾಳೀಸು ಬಂದರೆ ಕನ್ನಡಕ ಹಾಕಿಕೊಂಡು ಸುಮ್ಮನಾಗುತ್ತೇವೆ. ಅದೇ ವಯಸ್ಸಿನ ಡಿಸ್ಕಿನ ಸವೆತ ‘ಡಿಜೆನರೇಟಿವ್ ಡಿಸೀಸ್’ ಎಂಬ ಹೆಸರು ಹೊತ್ತು ಬಂದರೆ ಬಗ್ಗಿ ಕಸ ಗುಡಿಸುವುದನ್ನೂ ಬಿಡುತ್ತೇವೆ. ಪಟ್ಟಿಯಲ್ಲಿ ಎಕ್ಸ್‌ಟ್ರೂಷನ್‌ನ ಹೆಸರು ಇಲ್ಲದ್ದನ್ನು ಗಮನಿಸಬೇಕು. ನೋವಿಲ್ಲದವರಲ್ಲಿ ಅದು ಅಪರೂಪ, ಹಾಗಾಗಿ ಆ ಪದಕ್ಕೆ ತೂಕ ಜಾಸ್ತಿ.

ಇನ್ನೊಂದು ಅನುಮಾನ: ರಿಪೋರ್ಟು ಬರೆದವರು ಬೇರೆಯಾದರೆ ಬರಹವೂ ಬೇರೆಯಾಗುತ್ತದೆಯೇ? ಆಗುತ್ತದೆ. ಸೊಂಟನೋವು ಮತ್ತು ಬಲಗಾಲಿನ ನರದ ನೋವಿದ್ದ 63 ವರ್ಷದ ಒಬ್ಬ ಮಹಿಳೆಯನ್ನು ಮೂರು ವಾರದೊಳಗೆ ಹತ್ತು ಬೇರೆ ಬೇರೆ ಕೇಂದ್ರಗಳಲ್ಲಿ ಎಂಆರ್‌ಐ ಮಾಡಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಹತ್ತೂ ರಿಪೋರ್ಟುಗಳಲ್ಲಿ ಒಟ್ಟು 49 ಬಗೆಯ ದೋಷಗಳ ಉಲ್ಲೇಖವಿತ್ತು. ಹತ್ತರಲ್ಲೂ ಇದ್ದದ್ದು ಒಂದೂ ಇಲ್ಲ. ಸುಮಾರು ಮೂರನೇ ಒಂದು ಪಾಲು ಒಂದೊಂದೇ ರಿಪೋರ್ಟಿನಲ್ಲಿ ಕಾಣಿಸಿಕೊಂಡವು. ‘ಮೈಲ್ಡ್’, ‘ಮಾಡರೇಟ್’ ಎಂಬ ಅಳತೆಗೋಲು ಓದುವವರ ಕಣ್ಣಿನಲ್ಲಿದೆ. ಆರು ತಿಂಗಳ ಹಿಂದೆ ‘ಮೈಲ್ಡ್’ ಇದ್ದದ್ದು ಈಗ ‘ಮಾಡರೇಟ್’ ಆಗಿದೆ ಎಂದರೆ ಬೆನ್ನು ಕೆಟ್ಟಿತು ಎಂದೇ ಅರ್ಥವಲ್ಲ, ಬರೆದ ಕೈ ಬದಲಾಗಿರಬಹುದು. ಎರಡೂ ಸಿ.ಡಿ. ಪಕ್ಕಪಕ್ಕ ಇಟ್ಟು ನೋಡದೆ ತೀರ್ಮಾನವಿಲ್ಲ.

ಹಾಗಾದರೆ ರಿಪೋರ್ಟನ್ನು ಹೇಗೆ ಓದಬೇಕು? ನೋವಿನಿಂದ ಶುರು ಮಾಡಿ ಕಾಗದಕ್ಕೆ ಬರಬೇಕು, ಕಾಗದದಿಂದ ನೋವಿಗೆ ಹೋಗಬಾರದು. ನೋವು ಬರೀ ಸೊಂಟದಲ್ಲಿದೆಯೋ, ಮೊಣಕಾಲು ದಾಟಿ ಪಾದದವರೆಗೆ ಇಳಿಯುತ್ತದೆಯೋ? ಇದು ಮೊದಲ ಕವಲು. ಬರೀ ಸೊಂಟದ ನೋವಾದರೆ ಹೆಚ್ಚಿನವರಲ್ಲಿ ಅದಕ್ಕೆ ಇದೇ ಕಾರಣ ಎಂದು ಸ್ಕ್ಯಾನಿನ ಯಾವುದೋ ಒಂದು ಸಾಲಿಗೆ ಬೆರಳಿಡಲು ಆಗುವುದಿಲ್ಲ. ಅಂಥಲ್ಲಿ ಎಂಆರ್‌ಐ ಹಲವು ಸಲ ಗುಡ್ಡ ಅಗೆದು ಇಲಿ ಹಿಡಿದಂತೆ. ಕಾಲಿಗೆ ಇಳಿಯುವ ನೋವಾದರೆ ಮೂರು ಸಂಗತಿ ತಾಳೆಯಾಗಬೇಕು: ಯಾವ ಕಾಲು, ಕಾಲಿನ ಯಾವ ಪಟ್ಟಿ, ಯಾವ ಸ್ನಾಯು ಸೋತಿದೆ.

ಸೊಂಟದ ಐದು ಮೂಳೆಗಳಿಗೆ ಮೇಲಿಂದ ಕೆಳಗೆ ಎಲ್1ರಿಂದ ಎಲ್5 ಎಂದು ಹೆಸರು, ಅವುಗಳ ಕೆಳಗೆ ಬೆನ್ನಿನ ಬುಡದಲ್ಲಿರುವ ತ್ರಿಕಾಸ್ಥಿಯದು ಎಸ್1ರಿಂದ ಶುರು; ನರಗಳಿಗೂ ಅದೇ ಹೆಸರು. ಎಲ್4 ನರವಾದರೆ ಮೊಣಕಾಲಿನಿಂದ ಕೆಳಗೆ ಕಾಲಿನ ಒಳಬದಿ ಜುಮುಗುಡುತ್ತದೆ, ಮೊಣಕಾಲಿಗೆ ಸುತ್ತಿಗೆ ತಟ್ಟಿದಾಗ ಬರುವ ಒದೆತ ತಗ್ಗುತ್ತದೆ, ಮೆಟ್ಟಿಲಿನಲ್ಲಿ ತೊಡೆ ಕೈಕೊಡುತ್ತದೆ. ಎಲ್5 ಆದರೆ ಪಾದದ ಮೇಲ್ಭಾಗ ಮತ್ತು ಹೆಬ್ಬೆರಳು. ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು, ಹಿಮ್ಮಡಿಯ ಮೇಲೆ ನಡೆಯಲು ಆಗದು. ಎಸ್1 ಆದರೆ ಪಾದದ ಹೊರ ಅಂಚು, ಕಿರುಬೆರಳು, ಅಂಗಾಲು. ಒಂಟಿ ಕಾಲಿನ ತುದಿಬೆರಳ ಮೇಲೆ ಹತ್ತು ಸಲ ಏಳಲಾಗದು, ಹಿಮ್ಮಡಿಯ ಹಿಂದೆ ಸುತ್ತಿಗೆ ತಟ್ಟಿದಾಗ ಬರುವ ಒದೆತ ಇಲ್ಲವಾಗುತ್ತದೆ.

ಮುಂದೆ ಒಂದು ಸೂಕ್ಷ್ಮವಿದೆ, ಇಲ್ಲಿಯೇ ಎಡವುವವರು ಹೆಚ್ಚು. ಎಲ್4-ಎಲ್5 ಡಿಸ್ಕು ಉಬ್ಬಿದರೆ ಸಿಕ್ಕಿಬೀಳುವುದು ಎಲ್4 ನರ ಎಂದು ಅನಿಸುತ್ತದೆ. ಸಾಮಾನ್ಯವಾಗಿ ಹಾಗಲ್ಲ. ಎಲ್4 ನರ ಆ ಡಿಸ್ಕಿಗಿಂತ ಮೇಲೆಯೇ ಪಕ್ಕದ ಕಿಂಡಿಯಿಂದ ಹೊರಟುಹೋಗಿರುತ್ತದೆ. ನಡುವಿನಿಂದ ಸ್ವಲ್ಪ ಓರೆಗೆ, ಅಂದರೆ ‘ಪ್ಯಾರಾಸೆಂಟ್ರಲ್’ ಆಗಿ ಉಬ್ಬಿದ ಡಿಸ್ಕು ಒತ್ತುವುದು ಕೆಳಕ್ಕೆ ಹೊರಟ ಎಲ್5 ನರವನ್ನು. ಅದೇ ಉಬ್ಬು ಕಿಂಡಿಯಲ್ಲಿ, ‘ಫೊರಾಮಿನಲ್’ ಆಗಿದ್ದರೆ ಮಾತ್ರ ಎಲ್4. ಆದ್ದರಿಂದ ರಿಪೋರ್ಟಿನಲ್ಲಿ ಮಟ್ಟವಷ್ಟೇ ಅಲ್ಲ, ಎಡವೋ ಬಲವೋ, ನಡುವೋ ಓರೆಯೋ ಕಿಂಡಿಯೋ, ನರ ಬರೀ ತಾಗಿದೆಯೋ, ಸರಿದಿದೆಯೋ, ಅಪ್ಪಚ್ಚಿಯಾಗಿದೆಯೋ, ಇಷ್ಟೂ ಇರಬೇಕು. ‘ಮಲ್ಟಿಲೆವೆಲ್ ಡಿಸ್ಕ್ ಬಲ್ಜ್, ನರ್ವ್ ರೂಟ್ ಕಂಪ್ರೆಷನ್’ ಎಂದು ಒಂದೇ ಉಸಿರಿಗೆ ಬರೆದು ಕೈತೊಳೆದುಕೊಂಡ ರಿಪೋರ್ಟನ್ನು ವಾಪಸು ಕೊಟ್ಟು ವಿವರ ಕೇಳಬಹುದು, ಕೇಳಬೇಕು. ಎಡಗಾಲು ನೋಯುತ್ತಿದ್ದು ಚಿತ್ರದಲ್ಲಿ ಬಲಕ್ಕೆ ಉಬ್ಬಿದ್ದರೆ ಆ ಉಬ್ಬು ನೋವಿನ ಅಪರಾಧಿಯಲ್ಲ.

ಮಟ್ಟದ ಎಣಿಕೆಯಲ್ಲೇ ತಪ್ಪುವುದೂ ಉಂಟು. ಕೆಲವರಲ್ಲಿ ಸೊಂಟದ ಕೊನೆಯ ಮೂಳೆ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ, ಕೆಲವರಲ್ಲಿ ತ್ರಿಕಾಸ್ಥಿಯ ಮೊದಲ ಮೂಳೆ ಬಿಡಿಸಿಕೊಂಡಿರುತ್ತದೆ. ಒಬ್ಬರು ಅದನ್ನು ಎಲ್5 ಅನ್ನುತ್ತಾರೆ, ಇನ್ನೊಬ್ಬರು ಎಸ್1. ‘ಟ್ರಾನ್ಸಿಷನಲ್ ವರ್ಟಿಬ್ರಾ’ ಎಂಬ ಮಾತು ರಿಪೋರ್ಟಿನಲ್ಲಿದ್ದರೆ, ಎಣಿಕೆ ಯಾವುದನ್ನು ಆಧರಿಸಿದೆ ಎಂಬುದೂ ಬರೆದಿರಬೇಕು. ಕತ್ತಿನಿಂದ ಕೆಳಗೆ ಎಣಿಸಲು ಇಡೀ ಬೆನ್ನುಮೂಳೆಯ ಒಂದು ಸರಣಿ ಇದ್ದರೆ ಒಳ್ಳೆಯದು. ಚುಚ್ಚುಮದ್ದಾಗಲಿ ಆಪರೇಷನ್ನಾಗಲಿ ತಪ್ಪು ಮಟ್ಟಕ್ಕೆ ಹೋಗುವ ಅಪಾಯ ಇಲ್ಲಿದೆ.

ಸಿ.ಡಿ. ತೆರೆಯಲು ವಿಂಡೋಸಿನಲ್ಲಿ ಮೈಕ್ರೊಡೈಕಾಮ್, ಮ್ಯಾಕಿನಲ್ಲಿ ಹೋರೋಸ್‌ನಂಥ ತಂತ್ರಾಂಶ ಸಾಕು. ಟಿ2 ಯಾವುದೆಂದು ಗುರುತಿಸಲು ನರಗಳ ಸುತ್ತಲ ನೀರನ್ನು ನೋಡಿ: ಅದು ಬೆಳ್ಳಗೆ ಹೊಳೆದರೆ ಟಿ2, ಕಪ್ಪಾಗಿದ್ದರೆ ಟಿ1. ಟಿ2ನಲ್ಲಿ ನೀರು ತುಂಬಿದ ಡಿಸ್ಕಿನ ನಡು ಬಿಳಿ, ಒಣಗಿದ್ದು ಕಪ್ಪು. ಅಡ್ಡನೋಟದ ಚಿತ್ರವನ್ನು ರೋಗಿಯ ಪಾದದ ಕಡೆಯಿಂದ ನೋಡಿದಂತೆ ಇಟ್ಟಿರುತ್ತಾರೆ, ಹಾಗಾಗಿ ಪರದೆಯ ಬಲಕ್ಕೆ ಕಾಣುವುದು ಅವರ ಎಡಬದಿ. ನರ ಸಿಕ್ಕಿಕೊಂಡಿದೆಯೇ ಎಂದು ತಿಳಿಯುವ ಒಂದು ಸರಳ ಗುರುತು ಟಿ1ನಲ್ಲಿದೆ. ಪಕ್ಕನೋಟದ ಹೋಳುಗಳನ್ನು ನಡುವಿನಿಂದ ಅಂಚಿಗೆ ಸರಿಸುತ್ತ ಹೋದರೆ ಬೀಗದ ಕೈ ತೂರುವ ರಂಧ್ರದ ಆಕಾರದ ಕಿಂಡಿಗಳು ಸಾಲಾಗಿ ಸಿಗುತ್ತವೆ. ಪ್ರತಿ ಕಿಂಡಿಯಲ್ಲಿ ಬಿಳಿ ಕೊಬ್ಬಿನ ನಡುವೆ ಒಂದು ಕಪ್ಪು ಚುಕ್ಕೆ, ಅದೇ ನರ. ಚುಕ್ಕೆಯ ಸುತ್ತ ಬಿಳಿ ಉಳಿದಿದ್ದರೆ ಅಲ್ಲಿ ನರಕ್ಕೆ ಜಾಗವಿದೆ. ಬಿಳಿಯೆಲ್ಲ ಮಾಯವಾಗಿ ಚುಕ್ಕೆ ಚಪ್ಪಟೆಯಾಗಿದ್ದರೆ ಇಕ್ಕಟ್ಟು ನಿಜ. ವೈದ್ಯರ ಎದುರು ಕೂತಾಗ ‘ಆ ಚಿತ್ರ ತೋರಿಸಿ’ ಎಂದು ಕೇಳಲು ಇಷ್ಟು ತಿಳಿದಿದ್ದರೆ ಸಾಕು. ರೋಗನಿರ್ಣಯವನ್ನು ಮನೆಯಲ್ಲೇ ಮುಗಿಸಲು ಇದು ಸಾಲದು.

ಬೆನ್ನುಮೂಳೆಯೊಳಗೆ ನರಗಳು ಸಾಗುವ ನಾಳ ಕಿರಿದಾಗಿದೆ ಎಂಬ ‘ಕೆನಾಲ್ ಸ್ಟೆನೋಸಿಸ್’ಗೆ ಮಿಲಿಮೀಟರ್ ಲೆಕ್ಕ ಬರೆಯುತ್ತಾರೆ. ಮುಂದಿನಿಂದ ಹಿಂದಕ್ಕೆ 12 ಮಿ.ಮೀ.ಗಿಂತ ಕಡಿಮೆಯಾದರೆ ಇಕ್ಕಟ್ಟು, 10ಕ್ಕಿಂತ ಕಡಿಮೆಯಾದರೆ ತೀರಾ ಇಕ್ಕಟ್ಟು ಎಂಬುದು ರೂಢಿಯ ಗಡಿ. ಈ ಅಂಕಿಯೊಂದೇ ನಂಬಿಕೆಗೆ ಅರ್ಹವಲ್ಲ, 9 ಮಿ.ಮೀ. ಇಟ್ಟುಕೊಂಡು ಮೈಲಿಗಟ್ಟಲೆ ನಡೆಯುವವರಿದ್ದಾರೆ. ನಡೆದಾಗ ಎರಡೂ ಕಾಲು ಭಾರವಾಗಿ, ಮುಂದಕ್ಕೆ ಬಾಗಿದರೆ ಅಥವಾ ಕೂತರೆ ಹಗುರಾಗುತ್ತದೆಯೇ ಎಂಬುದು ಮುಖ್ಯ. ಇನ್ನೊಂದು ಕೊರತೆ, ಎಂಆರ್‌ಐ ತೆಗೆಯುವುದು ಮಲಗಿಸಿ. ಬೆನ್ನಿನ ಮೇಲೆ ಭಾರವೇ ಇಲ್ಲದ ಭಂಗಿಯಲ್ಲಿ ಜಾರಿದ ಮೂಳೆ ಸ್ವಸ್ಥಾನಕ್ಕೆ ಬಂದು ಕೂತುಬಿಡಬಹುದು. ಅದನ್ನು ಹಿಡಿಯಲು ನಿಲ್ಲಿಸಿ, ಬಾಗಿಸಿ, ಹಿಂದಕ್ಕೆ ಚಾಚಿಸಿ ತೆಗೆದ ಸಾದಾ ಎಕ್ಸ್‌ರೇ ಬೇಕು. ಜಾರಿಕೆಯ ದರ್ಜೆ ಸುಲಭ: ಕಾಲು ಭಾಗದವರೆಗೆ ಒಂದು, ಅರ್ಧದವರೆಗೆ ಎರಡು, ಮುಕ್ಕಾಲಿನವರೆಗೆ ಮೂರು, ಅದಕ್ಕೂ ಮೀರಿದರೆ ನಾಲ್ಕು.

‘ಮೋಡಿಕ್ ಬದಲಾವಣೆ’ ಎಂಬುದು ಡಿಸ್ಕಿಗೆ ತಾಗಿದ ಮೂಳೆಯ ಮಜ್ಜೆಯದು. ಒಂದನೇ ಬಗೆ ಊತ, ಎರಡನೆಯದು ಕೊಬ್ಬು, ಮೂರನೆಯದು ಗಟ್ಟಿಯಾದ ಮೂಳೆ. ಒಂದನೆಯದಕ್ಕೆ ನೋವಿನೊಂದಿಗೆ ಸ್ವಲ್ಪ ನಂಟು ಹೆಚ್ಚು. ಆದರೆ ಜ್ವರವಿದ್ದು, ನಡುವಿನ ಡಿಸ್ಕೂ ಟಿ2ನಲ್ಲಿ ಹೊಳೆಯುತ್ತಿದ್ದರೆ ಅದು ಮೋಡಿಕ್ ಅಲ್ಲ, ಸೋಂಕಿರಬಹುದು; ರಕ್ತಪರೀಕ್ಷೆಗೆ ತಡಮಾಡಬಾರದು.

ಓದಿ ಮರೆತುಬಿಡಬಹುದಾದ ಸಾಲುಗಳೂ ಇವೆ. ‘ಲಾಸ್ ಆಫ್ ಲಾರ್ಡೋಸಿಸ್’ ಮೊಣಕಾಲ ಕೆಳಗಿನ ದಿಂಬಿನಿಂದಲೂ ಬರುತ್ತದೆ. ಸಾದಾ ‘ಹೆಮಾಂಜಿಯೋಮಾ’ ರಕ್ತನಾಳಗಳ ನಿರುಪದ್ರವಿ ಗಂಟು, ಹತ್ತರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ. ಡಿಸ್ಕು ಮೂಳೆಯೊಳಗೆ ಒತ್ತಿ ಮೂಡಿಸಿದ ಗುಳಿ ‘ಶ್ಮೋರ್ಲ್ಸ್ ನೋಡ್’, ನರದ ಬೇರಿನ ಮೇಲಿನ ಸಣ್ಣ ನೀರುಗುಳ್ಳೆ ‘ಟಾರ್ಲೋವ್ ಸಿಸ್ಟ್’ ಬಹುಪಾಲು ಹಾಗೇ.

ಮರೆಯಬಾರದವು ಬೇರೆ. ‘ಕಾಡಾ ಇಕ್ವೈನಾ ಕಂಪ್ರೆಷನ್’ (ಬೆನ್ನಿನ ಕೆಳತುದಿಯ ನರಗಳ ಕಟ್ಟಿಗೇ ಒತ್ತಡ), ‘ಎಪಿಡ್ಯೂರಲ್ ಆಬ್ಸೆಸ್’ (ನರಗಳ ಚೀಲದ ಹೊರಗೆ ಕೀವು), ‘ಡಿಸ್ಕೈಟಿಸ್’ (ಡಿಸ್ಕಿನ ಸೋಂಕು), ‘ಮ್ಯಾರೋ ಇನ್‌ಫಿಲ್ಟ್ರೇಷನ್’, (ಮೂಳೆಯ ಮಜ್ಜೆಯೊಳಗೆ ಬೇಡದ ಜೀವಕೋಶಗಳು ಹರಡಿರುವುದು), ಹೊಸ ‘ಕಂಪ್ರೆಷನ್ ಫ್ರಾಕ್ಚರ್’ (ಮೂಳೆ ಕುಸಿದು ಮುರಿದಿರುವುದು). ಇವುಗಳಲ್ಲಿ ಒಂದಿದ್ದರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಹೋಗಬೇಕು. ಕಾಗದ ಏನೇ ಹೇಳಲಿ, ಒಳತೊಡೆ ಮತ್ತು ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಪಾದ ಜೋತುಬಿದ್ದು ದಿನೇದಿನೇ ಸೋಲುತ್ತಿದ್ದರೆ ನೇರ ತುರ್ತು ವಿಭಾಗಕ್ಕೆ. ಸಾದಾ ಸೊಂಟನೋವಿನಲ್ಲಿ ಸ್ಕ್ಯಾನಿಗೆ ಮೊದಲು ಆರು ವಾರ ಕಾಯಬೇಕೆಂಬ ನಿಯಮ ಅಲ್ಲಿ ಅನ್ವಯಿಸದು. ಹಿಂದೆ ಕ್ಯಾನ್ಸರ್ ಆಗಿದ್ದವರು, ಕಾರಣವಿಲ್ಲದೆ ತೂಕ ಇಳಿದವರು, ಬಹುಕಾಲ ಸ್ಟೀರಾಯ್ಡ್ ನುಂಗಿದವರು, ಬಿದ್ದು ಪೆಟ್ಟಾದವರು ಕೂಡ ಬೇಗ ತೋರಿಸಿಕೊಳ್ಳಬೇಕು.

ಇನ್ನೊಂದು ಗುಂಪಿನವರಿಗೆ ಈ ಸ್ಕ್ಯಾನ್ ಮೋಸ ಮಾಡುತ್ತದೆ. ವಯಸ್ಸು 45ರೊಳಗೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಸೊಂಟ ಬಿಗಿದುಕೊಂಡಿರುತ್ತದೆ, ಓಡಾಡಿದರೆ ಸಡಿಲ, ಕೂತರೆ ಜಾಸ್ತಿ, ನಸುಕಿನಲ್ಲಿ ನೋವಿಗೆ ಎಚ್ಚರ. ಇಂಥವರ ಸೊಂಟದ ಎಂಆರ್‌ಐ ‘ನಾರ್ಮಲ್’ ಬರಬಹುದು, ಏಕೆಂದರೆ ತೊಂದರೆ ಇರುವುದು ಕೆಳಗೆ, ತ್ರಿಕಾಸ್ಥಿ ಪಕ್ಕದ ಸೊಂಟದ ಎಲುಬಿಗೆ ಸೇರುವ ಸ್ಯಾಕ್ರೊಇಲಿಯಾಕ್ ಕೀಲಿನಲ್ಲಿ. ಅದಕ್ಕೇ ಮೀಸಲಾದ, ಸ್ಟಿರ್ ಸರಣಿಯಿರುವ ಎಂಆರ್‌ಐ ಬೇರೆ ಮಾಡಿಸಬೇಕು.

ಎಕ್ಸ್‌ಟ್ರೂಷನ್ ಅಂತ ಬರೆದದ್ದನ್ನು ಕಂಡು ಆಪರೇಷನ್ನಿಗೆ ದಿನ ಗೊತ್ತುಮಾಡುವ ಮುನ್ನ ಒಂದು ಲೆಕ್ಕ ತಿಳಿದಿರಲಿ. 2015ರ ಮತ್ತೊಂದು ಸಮೀಕ್ಷೆಯಲ್ಲಿ ಆಪರೇಷನ್ ಇಲ್ಲದೆ ತಾನಾಗಿ ಕುಗ್ಗಿದ್ದು ಹೀಗಿದೆ: ಕಳಚಿದ ತುಣುಕು ನೂರಕ್ಕೆ 96, ಎಕ್ಸ್‌ಟ್ರೂಷನ್ 70, ಪ್ರೊಟ್ರೂಷನ್ 41, ಬಲ್ಜ್ 13. ದೊಡ್ಡದಾಗಿ ಹೊರಬಂದದ್ದೇ ಬೇಗ ಕರಗುತ್ತದೆ. ಹೊರಗೆ ರಕ್ತದ ಸಂಪರ್ಕಕ್ಕೆ ಬಂದ ಚೂರನ್ನು ದೇಹ ಪರಕೀಯ ವಸ್ತುವೆಂದು ಬಗೆದು ತಿಂದುಹಾಕುತ್ತದೆ. ಪದರದೊಳಗೆ ಉಳಿದ ಬಲ್ಜ್‌ಗೆ ಆ ಭಾಗ್ಯವಿಲ್ಲ. ಸ್ನಾಯು ಸೋಲುತ್ತಿಲ್ಲ, ನೋವು ತಡೆಯುವಷ್ಟಿದೆ ಅನ್ನುವವರಿಗೆ ಕೆಲವು ವಾರ ಕಾಯಲು ಇದು ಸಾಕಷ್ಟು ಬಲವಾದ ಕಾರಣ.

ನೋವು ತಗ್ಗಿದರೆ ‘ಒಳಗೆ ಹೇಗಿದೆ ನೋಡೋಣ’ ಎಂದು ಮತ್ತೆ ಸ್ಕ್ಯಾನ್ ಮಾಡಿಸುವುದು ವ್ಯರ್ಥ. ಲಕ್ಷಣ ಬದಲಾದಾಗ, ಚುಚ್ಚುಮದ್ದು ಅಥವಾ ಆಪರೇಷನ್ ನಿಜಕ್ಕೂ ಎದುರಿಗಿದ್ದಾಗ ಮಾಡಿಸಿದರೆ ಅರ್ಥವಿದೆ. ಹೋಗುವಾಗ ಹಳೆಯ ಸಿ.ಡಿ. ಕೈಯಲ್ಲಿರಲಿ. ಸ್ಕ್ಯಾನಿಗೆಂದು ವೈದ್ಯರು ಬರೆದುಕೊಡುವ ಚೀಟಿಯಲ್ಲಿ ‘ಸೊಂಟನೋವು’ ಎಂದು ಎರಡಕ್ಷರ ಗೀಚಿಸಿಕೊಳ್ಳದೆ, ‘ಎಡಗಾಲು, ಪಾದದ ಮೇಲ್ಭಾಗದವರೆಗೆ, ಎರಡು ತಿಂಗಳಿಂದ, ಹೆಬ್ಬೆರಳು ಎತ್ತಲು ಕಷ್ಟ, ಎಲ್5 ಸಂಶಯ’ ಎಂದು ಬರೆಸಿಕೊಳ್ಳಬೇಕು. ಕತ್ತಲೆ ಕೋಣೆಯಲ್ಲಿ ಕೂತು ರಿಪೋರ್ಟು ಬರೆಯುವವರಿಗೆ ರೋಗಿಯ ಮುಖ ಕಾಣುವುದಿಲ್ಲ, ಅವರ ಕೈಯಲ್ಲಿರುವುದು ಆ ಚೀಟಿ ಮಾತ್ರ.